ಕೆಲಸಕ್ಕೆ ಬೆಲೆ ಕೇಳಿದ ಚಿತ್ರಗಾರ

(ಮೈಸೂರಿನಲ್ಲಿ ಕಲಾ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಕೆ. ವೆಂಕಟಪ್ಪನವರ ಬಗ್ಗೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ವೆಂಕಟಪ್ಪ ಎಂದರೆ ಬೆಂಗಳೂರಿನವರು ಕಸ್ತೂರಬಾ ರಸ್ತೆಯ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಸರ್ಕಾರಿ ಮ್ಯೂಸಿಯಂ ಪಕ್ಕದಲ್ಲಿ ಅವರ ಹೆಸರಿನ ಗ್ಯಾಲರಿ ಇದೆ. ಹಾಗಾಗಿ ಅವರು ಬೆಂಗಳೂರಿನವರು ಅಂತಲೇ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ, ಅವರು ನಮ್ಮೂರಿನವರು. ಇಲ್ಲೇ ಹುಟ್ಟಿದರು, ಇಲ್ಲೇ ಮೊದಲು ಕುಂಚ ಹಿಡಿದರು, ಇಲ್ಲಿಯ ಅರಮನೆಗೆ ಕೆಲಸ ಮಾಡಿದರು. ಕೊನೆಗೆ ಇಲ್ಲಿಯ ಅರಮನೆಯ ಮೇಲೆಯೇ ಕೋರ್ಟಿಗೆ ಹೋದರು. ಆ ಕೊನೆಯ ಮಾತನ್ನು ನಾವು ಸಾಮಾನ್ಯವಾಗಿ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳುತ್ತೇವೆ. ಮನೆಯ ಜಗಳ ಹೊರಗೆ ಬರಬಾರದು ಅನ್ನೋ ಥರ. ಇವತ್ತು ನಾನು ಅದನ್ನು ಗಟ್ಟಿಯಾಗಿಯೇ ಹೇಳಬೇಕೆಂದುಕೊಂಡು ಬಂದಿದ್ದೇನೆ.

ವೆಂಕಟಪ್ಪನವರ ಬಗ್ಗೆ ಓಡಾಡುವ ಚಿತ್ರಣ ನಿಮಗೂ ಗೊತ್ತಿರುತ್ತದೆ. ಮದುವೆಯಾಗಲಿಲ್ಲ, ಬ್ರಹ್ಮಚಾರಿ. ಜನರ ಜೊತೆ ಹೆಚ್ಚು ಬೆರೆಯಲಿಲ್ಲ. ಚಿತ್ರ ಬಿಟ್ಟು ವೀಣೆ ಹಿಡಿದರು, ವೀಣೆ ಬಿಟ್ಟು ಮತ್ತೆ ಚಿತ್ರಕ್ಕೆ ಬಂದರು. ಒಟ್ಟಿನಲ್ಲಿ ಕಲೆಗಾಗಿ ಬದುಕಿದ ಋಷಿ. ಇದರಲ್ಲಿ ಸುಳ್ಳಿಲ್ಲ. ಆದರೆ ಒಬ್ಬ ಕಲಾವಿದನನ್ನು ಋಷಿ ಅಂದುಬಿಟ್ಟರೆ ನಮಗೊಂದು ಅನುಕೂಲ ಇದೆ. ಋಷಿಗೆ ಸಂಬಳ ಕೊಡಬೇಕಾಗಿಲ್ಲ ನೋಡಿ. ನಾನು ಅವರನ್ನು ಒಬ್ಬ ಕೆಲಸಗಾರನಾಗಿ ನೋಡುತ್ತೇನೆ. ಕೈ ಕೆಲಸ ಬಲ್ಲ, ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಬಲ್ಲ, ಅದರ ಬೆಲೆಯನ್ನೂ ಬಲ್ಲ ಮನುಷ್ಯ.

ಮೊದಲು ಮನೆಯಿಂದ ಶುರು ಮಾಡೋಣ. ಅವರು ಹುಟ್ಟಿದ್ದು 1880ರ ದಶಕದಲ್ಲಿ, ಚಿತ್ರಗಾರರ ಮನೆತನದಲ್ಲಿ. ತಂದೆ ಅರಮನೆಗೆ ಚಿತ್ರ ಬರೆಯುತ್ತಿದ್ದವರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಿಂದ ಬೆಳೆದು ಬಂದ ಮೈಸೂರು ಶೈಲಿಯ ಚಿತ್ರಗಳನ್ನು ನೀವೆಲ್ಲ ನೋಡಿರುತ್ತೀರಿ. ಬಹಳ ಜನ ಅದನ್ನು ತಂಜಾವೂರಿನ ತಮ್ಮ ಅಂದುಕೊಳ್ಳುತ್ತಾರೆ. ಹತ್ತಿರ ಹೋಗಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ತಂಜಾವೂರಿನಲ್ಲಿ ಚಿನ್ನದ ಕೆಲಸ ದಪ್ಪವಾಗಿ ಎದ್ದು ನಿಂತಿರುತ್ತದೆ, ಮಧ್ಯೆ ಗಾಜು, ಹರಳು ಎಲ್ಲ ಕೂತಿರುತ್ತವೆ. ನಮ್ಮಲ್ಲಿ ಆ ಉಬ್ಬು ಬಹಳ ಕಡಿಮೆ. ಬೆರಳಾಡಿಸಿದರೆ ತಿಳಿಯುವಷ್ಟು, ಅಷ್ಟೇ.

ಆ ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ಹುಣಸೆ ಕಡ್ಡಿಗಳನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿ ಸುಟ್ಟು ಇದ್ದಿಲು ಕಡ್ಡಿ ಮಾಡಿಕೊಳ್ಳುತ್ತಿದ್ದರು. ಅದರಲ್ಲಿ ಮೊದಲ ಗೆರೆ. ಅಳಿಲಿನ ಕೂದಲಿನ ಕುಂಚ ಸಣ್ಣ ಗೆರೆಗೆ. ಬಿಳಿ ಸಫೇದ ಪುಡಿಗೆ ಮಕ್ಕಿ ಎಂಬ ಹಳದಿ ಗೋಂದು, ಅಂಟು ಸೇರಿಸಿ ಅರೆದು ಅದರಿಂದ ಒಡವೆ, ಕಂಬ, ಪ್ರಭಾವಳಿಯ ಮೇಲೆ ಸಣ್ಣ ಉಬ್ಬು ಎಬ್ಬಿಸುತ್ತಿದ್ದರು. ಅದರ ಮೇಲೆ ಚಿನ್ನದ ರೇಕು. ಕೊನೆಗೆ ತೆಳು ಕಾಗದ ಹಾಸಿ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು ಕೊಡುವುದು. ಒಂದೊಂದು ಹಂತವೂ ಒಣಗಬೇಕು, ಕಾಯಬೇಕು. ಅವಸರದವನಿಗೆ ಆ ಮನೆಯಲ್ಲಿ ಕೆಲಸವಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ವೆಂಕಟಪ್ಪನವರು ಚಿತ್ರಕಾರರಾಗಿ ಶುರು ಮಾಡಿ ಆಮೇಲೆ ಶಿಲ್ಪಕ್ಕೆ ಹೋದರು ಅಂತ ಬರೆಯುತ್ತಾರೆ. ಎರಡು ಬೇರೆ ಬೇರೆ ಊರು, ಮಧ್ಯೆ ಬಸ್ಸು ಹಿಡಿದರು ಅನ್ನುವ ಹಾಗೆ. ಚಿತ್ರಗಾರರ ಮನೆಯಲ್ಲಿ ಅಂಥ ಗಡಿ ಇರಲೇ ಇಲ್ಲ. ಕೊಪ್ಪಳದ ಕಿನ್ನಾಳಕ್ಕೆ ಹೋಗಿ ನೋಡಿ, ಇವತ್ತಿಗೂ ಚಿತ್ರಗಾರರು ಮರದ ಗೊಂಬೆ ಕೆತ್ತುತ್ತಾರೆ, ಅವರೇ ಬಣ್ಣ ಹಾಕುತ್ತಾರೆ. ಚಪ್ಪಟೆ ಹಲಗೆಯಿಂದ ಕೂದಲೆಳೆಯಷ್ಟು ಮೇಲೆದ್ದ ಉಬ್ಬನ್ನು ಚಿಕ್ಕಂದಿನಿಂದ ನೋಡಿದ ಹುಡುಗ ಮುಂದೆ ಪ್ಲಾಸ್ಟರ್‌ನಲ್ಲಿ ಉಬ್ಬುಶಿಲ್ಪ ಮಾಡಿದ್ದು ನನಗಂತೂ ಆಶ್ಚರ್ಯದ ಸಂಗತಿ ಅಲ್ಲ. ಇದು ನನ್ನ ಅನಿಸಿಕೆ. ಒಪ್ಪದಿದ್ದರೆ ಆಮೇಲೆ ಜಗಳ ಆಡೋಣ.

ಆ ಹುಡುಗ ಬೆಳೆಯುವ ಹೊತ್ತಿಗೆ ಮೈಸೂರು ಬದಲಾಗುತ್ತಿತ್ತು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟಿತು. ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅರಮನೆ ಏಳುತ್ತಿತ್ತು, ಅದು ಮುಗಿದದ್ದು 1912ರಲ್ಲಿ. ಊರಿನಲ್ಲಿ ಕಲ್ಲು, ಮರ, ಗಾರೆ, ಗಾಜು ಬಲ್ಲ ಎಲ್ಲರಿಗೂ ಕೆಲಸ. ಚಿತ್ರದಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸುತ್ತಿತ್ತು. ರಾಜಾ ರವಿವರ್ಮ ಅರಮನೆಗೆ ಪುರಾಣದ ಚಿತ್ರಗಳನ್ನು ಬರೆದುಕೊಟ್ಟಿದ್ದರು. ಎಣ್ಣೆ ಬಣ್ಣ, ದೊಡ್ಡ ಕ್ಯಾನ್ವಾಸು, ರೇಷ್ಮೆ ಸೀರೆಯ ಮಡಿಕೆಯೂ ನಿಜ ಅನಿಸುವ ಹಾಗೆ. ಜಗನ್ಮೋಹನ ಅರಮನೆಯಲ್ಲಿ ನಿಂತು ಅವುಗಳನ್ನು ನೋಡಿದವರಿಗೆ ಗೊತ್ತು. ಅದನ್ನು ನೋಡಿದ ಯಾವ ರಾಜನಿಗೆ ಮತ್ತೆ ಚಿನ್ನದ ರೇಕಿನ ಸಣ್ಣ ಚಿತ್ರ ಬೇಕೆನಿಸೀತು? ಮನೆತನದ ಕಸುಬಿಗೆ ಬೇಡಿಕೆ ಇಳಿಯುತ್ತಿದ್ದ ಕಾಲ ಅದು.

ವೆಂಕಟಪ್ಪನವರ ಕೈ ಚೆನ್ನಾಗಿದೆ ಎಂದು ಕಂಡವರು ನಾಲ್ವಡಿ ಕೃಷ್ಣರಾಜ ಒಡೆಯರು. ಸರ್ಕಾರದ ನೆರವಿನಿಂದ 1909ರಲ್ಲಿ ಅವರನ್ನು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿದರು. ಮದರಾಸಿನಲ್ಲೂ ಕಲಾಶಾಲೆ ಇತ್ತು, ಬೊಂಬಾಯಿಯಲ್ಲೂ ಇತ್ತು. ಕಲ್ಕತ್ತೆಗೆ ಹೋದದ್ದರಿಂದ ಇಡೀ ಬದುಕಿನ ದಿಕ್ಕೇ ಬೇರೆಯಾಯಿತು.

ಕಲ್ಕತ್ತೆಯ ಶಾಲೆಯಲ್ಲಿ ಅದಕ್ಕೆ ಕೆಲವು ವರ್ಷ ಮೊದಲು ದೊಡ್ಡ ಗಲಾಟೆ ಆಗಿತ್ತು. ಇ. ಬಿ. ಹ್ಯಾವೆಲ್ ಎಂಬ ಇಂಗ್ಲಿಷ್ ಪ್ರಾಂಶುಪಾಲರು ಯುರೋಪಿನ ಚಿತ್ರಗಳನ್ನು ತೆಗೆಸಿ ಮೊಘಲರ ಕಾಲದ ಚಿತ್ರಗಳನ್ನು ತಂದಿಟ್ಟರು. ಇಂಗ್ಲಿಷಿನವನು ನಮಗೆ ಇಂಗ್ಲಿಷರ ಕಲೆ ಕಲಿಸುತ್ತಿಲ್ಲ ಎಂದು ಬಂಗಾಳಿ ಹುಡುಗರು ಮುಷ್ಕರ ಹೂಡಿದ್ದರು! ಅವನೀಂದ್ರನಾಥ ಟಾಗೋರರನ್ನು ಕಲಿಸಲು ಆ ಶಾಲೆಗೆ ಕರೆತಂದವರೂ ಹ್ಯಾವೆಲ್ ಅವರೇ. ಅವನೀಂದ್ರರು ಕವಿ ರವೀಂದ್ರರಿಗೆ ಅಣ್ಣನ ಮಗ ವರಸೆ. ಸ್ವದೇಶಿ ಚಳವಳಿ ಉರಿಯುತ್ತಿದ್ದ ದಿನಗಳು. ರವಿವರ್ಮನ ದಾರಿ ನಮ್ಮ ದಾರಿ ಅಲ್ಲ, ಅಜಂತಾ ಮತ್ತು ಮೊಘಲ್ ಚಿತ್ರಗಳಲ್ಲಿ ನಮ್ಮ ಬೇರು ಇದೆ ಎಂದು ಆ ಗುಂಪು ನಂಬಿತ್ತು. ವೆಂಕಟಪ್ಪನವರ ಜೊತೆಗಾರರು ಯಾರು ಗೊತ್ತಾ? ನಂದಲಾಲ್ ಬೋಸ್, ಅಸಿತ್ ಕುಮಾರ್ ಹಲ್ದಾರ್, ಕ್ಷಿತೀಂದ್ರನಾಥ್ ಮಜುಂದಾರ್, ಸಮರೇಂದ್ರನಾಥ್ ಗುಪ್ತ. ನಂದಲಾಲ್ ಮುಂದೆ ತಮ್ಮ ಶಿಷ್ಯರ ಜೊತೆ ಸೇರಿ ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಅಲಂಕರಿಸಿದವರು.

ಅಲ್ಲಿ ಕಲಿಸುತ್ತಿದ್ದ ಒಂದು ವಿಧಾನ ಇದೆ, ವಾಶ್ ಅನ್ನುತ್ತಾರೆ. ಇಲ್ಲಿರುವ ವಿದ್ಯಾರ್ಥಿಗಳು ಮಾಡಿರುತ್ತೀರಿ. ಕಾಗದದ ಮೇಲೆ ಜಲವರ್ಣ ಹಚ್ಚಿ, ಒಣಗಿದ ಮೇಲೆ ಇಡೀ ಕಾಗದವನ್ನು ನೀರಿನಲ್ಲಿ ಅದ್ದುವುದು. ಮೇಲಿನ ಬಣ್ಣ ಹೋಗಿ ಒಳಗೆ ಇಳಿದದ್ದು ಉಳಿಯುತ್ತದೆ. ಮತ್ತೆ ಬಣ್ಣ, ಮತ್ತೆ ನೀರು. ಹೀಗೆ ಹಲವು ಸಲ. ಕಲ್ಕತ್ತೆಗೆ ಬಂದಿದ್ದ ಜಪಾನಿನ ಚಿತ್ರಕಾರರಿಂದ ಅವನೀಂದ್ರರು ಇದರ ಸುಳಿವು ಹಿಡಿದರು. ಫಲ ಏನು? ಎಲ್ಲದರ ಮೇಲೂ ಒಂದು ಮಂಜು. ಚೆನ್ನಾಗಿರುತ್ತದೆ, ಆದರೆ ಸಾಧಾರಣ ಕೈಗಳಲ್ಲಿ ಆ ಮಂಜು ತಪ್ಪು ಮುಚ್ಚುವ ಪರದೆಯೂ ಆಗುತ್ತದೆ. ಬಂಗಾಳ ಶೈಲಿಯ ಎಷ್ಟೋ ಚಿತ್ರ ನೋಡಿ ನನಗೆ ಸುಸ್ತಾಗಿದೆ, ನಿಜ ಹೇಳಬೇಕಂದ್ರೆ. ವೆಂಕಟಪ್ಪನವರ ಚಿತ್ರದಲ್ಲಿ ಹಾಗಾಗುವುದಿಲ್ಲ. ಬಣ್ಣ ಎಷ್ಟೇ ಮೆತ್ತಗಿದ್ದರೂ ಗೆರೆ ಗಟ್ಟಿಯಾಗಿ ನಿಂತಿರುತ್ತದೆ. ಅಳಿಲು ಕೂದಲಿನ ಕುಂಚದ ಮನೆಯಿಂದ ಬಂದವರಲ್ವಾ.

ಗುರುಗಳಿಗೂ ಇದು ಗೊತ್ತಿತ್ತು. 1914ರಲ್ಲಿ ಅವನೀಂದ್ರರು ಭಾರತೀಯ ಕಲೆಯಲ್ಲಿ ಅಂಗಗಳ ರಚನೆ ಬಗ್ಗೆ ಒಂದು ಪುಟ್ಟ ಪುಸ್ತಕ ತಂದರು. ಅದರ ರೇಖಾಚಿತ್ರಗಳಿಗೆ ಅವರು ನೆಚ್ಚಿಕೊಂಡದ್ದು ನಂದಲಾಲ್ ಮತ್ತು ವೆಂಕಟಪ್ಪ ಇಬ್ಬರನ್ನು. ನೀವು ಆ ಚಿತ್ರಗಳನ್ನು ನೋಡಲೇಬೇಕು. ಮುಖ ಕೋಳಿಮೊಟ್ಟೆಯ ಆಕಾರ. ಹುಬ್ಬು ಬೇವಿನ ಎಲೆ. ಮೂಗು ಎಳ್ಳಿನ ಹೂವು. ಗದ್ದಕ್ಕೆ ಮಾವಿನ ಓಟೆ, ಕತ್ತಿಗೆ ಶಂಖ, ಎದೆಯಿಂದ ನಡುವಿನ ತನಕ ಹಸುವಿನ ಮುಖ, ಭುಜಕ್ಕೆ ಆನೆಯ ತಲೆ, ಮುಂಗೈಗೆ ಎಳೆ ಬಾಳೆಕಂದು. ಕವಿಗಳು ಹೇಳುತ್ತಾ ಬಂದ ಹೋಲಿಕೆಗಳು ಇವೇ. ಅದನ್ನು ಗೆರೆಯಲ್ಲಿ ಮಾಡಿ ತೋರಿಸುವುದು ಬೇರೆ ಮಾತು. ಒಂದು ಕಡೆ ಆನೆಯ ಸೊಂಡಿಲು, ಪಕ್ಕದಲ್ಲಿ ಅದೇ ಬಳುಕಿನ ತೋಳು. ಮಾದರಿಯನ್ನು ಕೂರಿಸಿ ಮೂಳೆ, ಮಾಂಸ ಅಳೆದು ಬರೆಯುವ ಪಾಠಕ್ಕೆ ಇದು ನಮ್ಮವರ ಉತ್ತರ. ಇಲ್ಲಿ ಶಿಲ್ಪ ಕಲಿಯುತ್ತಿರುವವರಿಗೆ ಇದು ಬಹಳ ಉಪಯೋಗ. ಏಕೆಂದರೆ ವೆಂಕಟಪ್ಪನವರು ಮುಂದೆ ಮಾಡಿದ ಉಬ್ಬುಶಿಲ್ಪದ ದೇಹಗಳು ಈ ಲೆಕ್ಕದಲ್ಲೇ ನಿಂತಿವೆ.

ಕಲ್ಕತ್ತೆಯ ದಿನಗಳದ್ದೇ ಇನ್ನೆರಡು ಸಂಗತಿ. ಲೇಡಿ ಹೆರಿಂಗ್ಹ್ಯಾಮ್ ಎಂಬ ಚಿತ್ರಕಾರ್ತಿ ಅಜಂತಾದ ಗೋಡೆಚಿತ್ರಗಳ ಪ್ರತಿ ತೆಗೆಯಲು ಹೊರಟಾಗ ಅವರ ಜೊತೆ ಹೋದ ಕಲ್ಕತ್ತೆಯ ಹುಡುಗರಲ್ಲಿ ನಮ್ಮವರೂ ಇದ್ದರು. ಕತ್ತಲೆ ಗುಹೆ, ಬಾವಲಿ, ಮಸಿ ಹಿಡಿದ ಗೋಡೆ, ಅದರ ಮೇಲಿನ ಸಾವಿರದ ಐನೂರು ವರ್ಷ ಹಳೆಯ ಗೆರೆಯನ್ನು ಹಿಂಬಾಲಿಸುವ ಕೆಲಸ. ಇನ್ನೊಂದು, ಸೋದರಿ ನಿವೇದಿತಾ ಮತ್ತು ಕಲಾ ವಿದ್ವಾಂಸ ಆನಂದ ಕುಮಾರಸ್ವಾಮಿ ಸೇರಿ ಬರೆದ, 1913ರಲ್ಲಿ ಬಂದ ಪುರಾಣ ಕಥೆಗಳ ಪುಸ್ತಕ. ಅದರ ರಾಮಾಯಣ ಭಾಗದಲ್ಲಿ ವೆಂಕಟಪ್ಪನವರ ಹಲವು ಚಿತ್ರಗಳಿವೆ. ಮೂವತ್ತು ದಾಟದ ಮೈಸೂರಿನ ಹುಡುಗನ ಕೆಲಸ ಲಂಡನ್ನಿನ ಪುಸ್ತಕದಂಗಡಿಯಲ್ಲಿ ಇತ್ತು. ಇಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಏನೋ.

ಕಲಿತು ಮುಗಿಸಿದ ಮೇಲೆ ಆ ಗುಂಪಿನವರೆಲ್ಲ ಚದುರಿದರು. ಚದುರಿದವರು ಹೆಚ್ಚಾಗಿ ಮೇಷ್ಟ್ರುಗಳಾದರು. ನಂದಲಾಲ್ ಶಾಂತಿನಿಕೇತನಕ್ಕೆ, ಅಸಿತ್ ಹಲ್ದಾರ್ ಲಕ್ನೋಗೆ, ಸಮರೇಂದ್ರನಾಥ್ ಲಾಹೋರಿಗೆ. ಅವರ ತರುವಾಯ ಬಂದ ದೇವಿಪ್ರಸಾದ್ ರಾಯ್ ಚೌಧುರಿ ಮದರಾಸಿಗೆ. ಒಬ್ಬೊಬ್ಬರ ಹಿಂದೆಯೂ ಒಂದು ಶಿಷ್ಯರ ಸಾಲು ಬೆಳೆಯಿತು. ವೆಂಕಟಪ್ಪ ಮೈಸೂರಿಗೆ ವಾಪಸ್ ಬಂದರು. ಇಲ್ಲಿ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಇತ್ತು, ಅದರ ಅಡಿಗಲ್ಲು ಹಾಕಿದ್ದು 1906ರಲ್ಲಿ. ಸಯ್ಯಾಜಿರಾವ್ ರಸ್ತೆಯ ಆ ಕಟ್ಟಡ ನಿಮಗೆ ಗೊತ್ತು. ಅಲ್ಲಿ ಕಲಿತ ಚಿತ್ರಕಾರರೇ ಮುಂದೆ ಅರಮನೆಯ ಕಲ್ಯಾಣ ಮಂಟಪದಲ್ಲಿ ದಸರಾ ಮೆರವಣಿಗೆಯ ಸಾಲು ಚಿತ್ರಗಳನ್ನು ಬರೆದರು. ಆದರೆ ವೆಂಕಟಪ್ಪನವರ ಸುತ್ತ ಒಂದು ಶಾಲೆ, ಒಂದು ಪರಂಪರೆ ಕಟ್ಟಿಕೊಳ್ಳಲಿಲ್ಲ. ಶಿಷ್ಯರಿಲ್ಲದ ಕಲಾವಿದನ ಹೆಸರನ್ನು ಹೇಳಿಕೊಂಡು ತಿರುಗುವವರು ಯಾರೂ ಇರುವುದಿಲ್ಲ. ನಂದಲಾಲ್ ಹೆಸರು ದೇಶಕ್ಕೆಲ್ಲ ಗೊತ್ತು, ಇವರ ಹೆಸರು ಮೈಸೂರಿನವರಿಗೇ ಸರಿಯಾಗಿ ಗೊತ್ತಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ.

ಇಲ್ಲಿಗೆ ಬಂದ ಮೇಲೆ ಅವರಿಗೆ ವೀಣೆ ಹಿಡಿಯಿತು. ಹಿಡಿಯಿತು ಅಂತಲೇ ಹೇಳಬೇಕು. ಆಗ ಮೈಸೂರೆಂದರೆ ವೀಣೆಯ ಊರು, ವೀಣೆ ಎಂದರೆ ಶೇಷಣ್ಣನವರು. 1926ರಲ್ಲಿ ತೀರಿಕೊಂಡ ವೀಣೆ ಶೇಷಣ್ಣನವರ ಬಳಿ ವೆಂಕಟಪ್ಪ ಪಾಠ ಹೇಳಿಸಿಕೊಂಡರು. ಸುಮ್ನೆ ಸಂಜೆ ಹೊತ್ತಿನ ಹವ್ಯಾಸ ಅಲ್ಲ. ಕುಂಚ ಪಕ್ಕಕ್ಕಿಟ್ಟು ಸಾಧನೆ ಮಾಡಿದರು. ವೀಣೆಯ ಹುಚ್ಚು ಹತ್ತಿದವನು ಎಂಬ ಅರ್ಥದ ಹೆಸರಿಟ್ಟು ತಮ್ಮದೇ ಪಾಡನ್ನು ಚಿತ್ರ ಮಾಡಿದರು. ತನ್ನನ್ನೇ ತಾನು ಗೇಲಿ ಮಾಡಿಕೊಳ್ಳುವ ಗುಣ ಋಷಿಗಳಿಗೆ ಇರುತ್ತದೋ ಇಲ್ಲವೋ ಗೊತ್ತಿಲ್ಲ, ವೆಂಕಟಪ್ಪನವರಿಗಿತ್ತು.

ಈಗ ಊಟಿ, ಕೊಡೈಕನಾಲಿಗೆ ಬರೋಣ. ನನ್ನ ಮಟ್ಟಿಗೆ ಅವರ ಅತಿ ಒಳ್ಳೆಯ ಚಿತ್ರಗಳು ಇವೇ. ಊಟಿ ಮೈಸೂರಿನವರಿಗೆ ಹೊಸ ಜಾಗವಲ್ಲ. ನಂಜನಗೂಡು, ಗುಂಡ್ಲುಪೇಟೆ, ಬಂಡೀಪುರ ದಾಟಿ ಘಾಟಿ ಹತ್ತಿದರೆ ಆಯಿತು. ಒಡೆಯರ ಫರ್ನ್‌ಹಿಲ್ ಅರಮನೆ ಅಲ್ಲೇ ಇದೆ. ಅಲ್ಲಿಯ ಬೆಟ್ಟ, ಕಣಿವೆ, ಕೆರೆ, ನೀಲಗಿರಿ ಮರಗಳನ್ನು ಜಲವರ್ಣದಲ್ಲಿ ಬರೆದರು. 1920, 30ರ ದಶಕಗಳ ಕೆಲಸ. ಚಿತ್ರಗಳು ದೊಡ್ಡವಲ್ಲ. ಅವುಗಳಲ್ಲಿ ದೇವರಿಲ್ಲ, ಪುರಾಣವಿಲ್ಲ, ಕಥೆ ಇಲ್ಲ. ಕಲ್ಕತ್ತೆಯ ಗುಂಪು ಪುರಾಣ, ಇತಿಹಾಸ ಎಂದು ಓಡುತ್ತಿದ್ದ ಹೊತ್ತಿನಲ್ಲಿ ಇವರು ಒಂದು ಗುಡ್ಡದ ಮೇಲೆ ಮೋಡ ಹೇಗೆ ಒಡೆಯುತ್ತದೆ ಅಂತ ನೋಡುತ್ತಾ ಕೂತರು.

ಹೆಸರುಗಳನ್ನೇ ನೋಡಿ. ಸೂರ್ಯೋದಯ, ಬೆಳದಿಂಗಳು, ಬಿರುಗಾಳಿ, ಮುಂಗಾರಿನ ಮೋಡ. ಜಾಗ ಒಂದೇ ಆದರೂ ಹೊತ್ತು ಬೇರೆ. ಪ್ರವಾಸಿಗರು ಕೊಂಡು ತರುವ ಊಟಿಯ ಕಾರ್ಡಿನಲ್ಲಿ ಯಾವಾಗಲೂ ಒಂದೇ ಬಿಸಿಲು ಇರುತ್ತದೆ. ಇವರ ಚಿತ್ರದಲ್ಲಿ ಈಗ ಬೆಳಗಿನ ಯಾವ ಹೊತ್ತು, ಮಳೆ ನಿಂತು ಎಷ್ಟು ಹೊತ್ತಾಯಿತು ಅಂತ ಹೇಳಬಹುದು. ದೂರದ ಮರಗಳ ಎಲೆಗಳ ಗುಂಪನ್ನೂ ಬಿಡಿಸಿ ಬರೆದಿದ್ದಾರೆ, ಆದರೂ ಚಿತ್ರ ಎಲ್ಲೂ ಒಣಗಿಲ್ಲ. ಇದು ಬಹಳ ಕಷ್ಟ. ಇಷ್ಟು ವಿವರ ತುಂಬಿದರೆ ಸಾಮಾನ್ಯವಾಗಿ ಚಿತ್ರ ಉಸಿರುಗಟ್ಟುತ್ತದೆ. ಆನೆದಂತದ ತುಣುಕಿನ ಮೇಲೆ ಮುಖ ಬರೆಯುವ ಸೂಕ್ಷ್ಮ ಕೆಲಸವನ್ನೂ ಅವರು ಮಾಡುತ್ತಿದ್ದರು. ಅಲ್ಲಿ ಒಂದು ಗೆರೆ ಜಾರಿದರೆ ಮುಖವೇ ಬೇರೆ. ಆ ಅಭ್ಯಾಸದ ಕೈ ಬೆಟ್ಟವನ್ನೂ ಹಾಗೇ ಬರೆಯಿತು.

ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿನಿ ಕೈ ಎತ್ತಿ ಕೇಳಿದರು: "ಸರ್, ಅವರನ್ನ ಶಿಲ್ಪಿ ಅಂತ ಯಾಕೆ ಕರೀತಾರೆ? ಕಲ್ಲಿನ ಕೆಲಸಕ್ಕೆ ಹೆಸರಾದವರು ಅಲ್ವಲ್ಲಾ?" ಮೈಸೂರಿನಲ್ಲಿ ಇದು ಬರಲೇಬೇಕಾದ ಪ್ರಶ್ನೆ. ನಮಗೆ ಶಿಲ್ಪಿ ಎಂದರೆ ಉಳಿ, ಸುತ್ತಿಗೆ, ಹೆಗ್ಗಡದೇವನಕೋಟೆ ಕಡೆಯ ಕೃಷ್ಣಶಿಲೆ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಅರುಣ್ ಯೋಗಿರಾಜ್ ನಮ್ಮೂರಿನವರೇ, ಶಿಲ್ಪಿಗಳ ಮನೆತನದವರು. ಆ ದಾರಿ ಬೇರೆ. ವೆಂಕಟಪ್ಪನವರ ಹೆಸರು ನಿಂತಿರುವುದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳಲ್ಲಿ.

ಪ್ಲಾಸ್ಟರ್ ಎಂದರೆ ಗಣಪತಿ ಹಬ್ಬದ ಜಗಳ ನೆನಪಾಗುತ್ತದೆ, ಇಲ್ಲವೇ ಮುರಿದ ಕಾಲಿಗೆ ಹಾಕುವ ಕಟ್ಟು. ಅಗ್ಗದ ಸಾಮಾನು ಅಂತ ನಮ್ಮ ಭಾವನೆ. ಮಾಡಿ ನೋಡಿದರೆ ತಿಳಿಯುತ್ತದೆ. ಜಿಪ್ಸಂ ಕಾಯಿಸಿ ನೀರಿನಂಶ ತೆಗೆದ ಪುಡಿ ಅದು. ನೀರು ಸೇರಿಸಿದ ತಕ್ಷಣ ಗಡಿಯಾರ ಓಡತೊಡಗುತ್ತದೆ. ಹತ್ತು, ಇಪ್ಪತ್ತು ನಿಮಿಷದಲ್ಲಿ ಕೈಯಲ್ಲೇ ಬೆಚ್ಚಗಾಗಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಮೊದಲು ಜೇಡಿಮಣ್ಣಿನಲ್ಲಿ ಮಾದರಿ ಮಾಡುತ್ತಾರೆ. ಅದರ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಅಚ್ಚಿನ ಒಳಗೆ ಸಾಬೂನು ನೀರು ಬಳಿದು ಮತ್ತೆ ಪ್ಲಾಸ್ಟರ್ ಎರೆದು, ಆಮೇಲೆ ಹೊರಗಿನ ಅಚ್ಚನ್ನು ಉಳಿಯಿಂದ ಚೂರು ಚೂರಾಗಿ ಬಿಡಿಸುವುದು. ಅಲ್ಲಿ ಕೈ ತಪ್ಪಿದರೆ ಒಳಗಿನ ಮೂಗು, ಬೆರಳು ಹೋಯಿತು. ಗಟ್ಟಿಯಾದ ಮೇಲೂ ಕೆರೆದು ತಿದ್ದಬಹುದು, ಆದರೆ ತೇವ ತಾಗಿದರೆ ಹಾಳು.

ಇನ್ನು ಉಬ್ಬುಶಿಲ್ಪದ ಕಷ್ಟ. ಸುತ್ತಲೂ ತಿರುಗಿ ನೋಡುವ ಮೂರ್ತಿಯಲ್ಲಿ ಮೂಗು ಮೂಗಿನಷ್ಟೇ ಮುಂದೆ ಇರುತ್ತದೆ. ಉಬ್ಬಿನಲ್ಲಿ ಇಡೀ ದೇಹದ ಆಳವನ್ನು ಒಂದೆರಡು ಬೆರಳು ದಪ್ಪದೊಳಗೆ ಹಿಡಿಸಬೇಕು. ಮುಂದೆ ಚಾಚಿದ ಕೈ, ಹಿಂದಿನ ಕಾಲು, ಅದರ ಹಿಂದಿನ ಮರ, ಎಲ್ಲವೂ ಅಷ್ಟರೊಳಗೆ. ಕೆಲಸ ಮಾಡುವುದು ಆಳವಲ್ಲ, ನೆರಳು. ಹಾಗಾಗಿ ಉಬ್ಬುಶಿಲ್ಪ ಮಾಡುವವನು ಅರ್ಧ ಚಿತ್ರಕಾರ ಆಗಿರಲೇಬೇಕು. ವೆಂಕಟಪ್ಪನವರ ಶಿವತಾಂಡವ, ಬುದ್ಧ, ಶಕುಂತಲೆಯನ್ನು ಬೀಳ್ಕೊಡುವ ದೃಶ್ಯ ನೋಡಿ. ಶಿವ ಕುಣಿಯುವ ರಭಸ ತೋರಿಸಲು ಅವರು ಸ್ನಾಯು ಉಬ್ಬಿಸಲಿಲ್ಲ. ಆ ಕೈಕಾಲುಗಳು ನಾನು ಆಗ ಹೇಳಿದ ಸೊಂಡಿಲು, ಬಾಳೆಕಂದಿನ ಲೆಕ್ಕದವು. ವೇಗ ಇರುವುದು ಗೆರೆಯಲ್ಲಿ. ಹೀಗೆ ಮೈಸೂರಿನ ಸಣ್ಣ ಉಬ್ಬು, ಅಜಂತಾದ ಗೆರೆ, ಕಲ್ಕತ್ತೆಯ ಪಾಠ ಮೂರೂ ಒಂದು ಹಲಗೆಯ ಮೇಲೆ ಕೂಡಿದವು. ಶಿಲ್ಪಿ ಅನ್ನಲು ಇಷ್ಟು ಸಾಕಲ್ವಾ?

ಈ ಶಿಲ್ಪಗಳ ಕೆಲಸಕ್ಕೆ ಕರೆ ಬಂದದ್ದು ಅರಮನೆಯಿಂದ, ನಾಲ್ವಡಿಯವರ ಕಾಲದಲ್ಲಿ. ದೊಡ್ಡ ಕೆಲಸ, ವರ್ಷಗಟ್ಟಲೆಯ ಕೆಲಸ. 1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಕಲ್ಕತ್ತೆಗೆ ಕಳಿಸಿದವರು, ಕೆಲಸ ಕೊಟ್ಟವರು, ಕೆಲಸ ನಿಧಾನವಾದರೆ ಯಾಕೆಂದು ಅರ್ಥ ಮಾಡಿಕೊಳ್ಳುತ್ತಿದ್ದವರು ಅವರೊಬ್ಬರೇ. ಆಮೇಲೆ ಉಳಿದದ್ದು ಕಚೇರಿ, ಕಡತ, ಲೆಕ್ಕಪತ್ರ. ಮಾಡಿದ ಕೆಲಸಕ್ಕೆ ಬರಬೇಕಾದ ಹಣದ ಬಗ್ಗೆ ತಕರಾರು ಬೆಳೆಯಿತು. ವೆಂಕಟಪ್ಪ ಅರಮನೆಯ ಮೇಲೆ ದಾವೆ ಹೂಡಿದರು.

ಇದು ಆ ಕಾಲಕ್ಕೆ ಎಂಥ ಮಾತು ಅಂತ ಯೋಚನೆ ಮಾಡಿ. ಅವರ ತಂದೆಯ ಕಾಲದಲ್ಲಿ ಚಿತ್ರಗಾರ ಚಿತ್ರ ಒಪ್ಪಿಸುತ್ತಿದ್ದ, ದೊರೆ ಮೆಚ್ಚಿ ಏನು ಕೊಟ್ಟರೋ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಶಾಲು ಕೊಟ್ಟರೆ ಶಾಲು, ಇನಾಮು ಕೊಟ್ಟರೆ ಇನಾಮು. ಕೊಡುವುದು ದೊರೆಯ ದೊಡ್ಡತನ, ಚಿತ್ರಗಾರನ ಹಕ್ಕಲ್ಲ. ಅದೇ ಮನೆಯ ಮಗ ಈಗ ಕೋರ್ಟಿನಲ್ಲಿ ನಿಂತು, ನಾನು ಮಾಡಿದ್ದು ಕೆಲಸ, ಇದಕ್ಕೊಂದು ಬೆಲೆ ಇದೆ, ಅದು ನಿಮ್ಮ ಮೆಚ್ಚುಗೆಯ ಮೇಲೆ ನಿಂತಿಲ್ಲ ಎಂದಂತಾಯಿತು. ಇನ್ನೂ ರಾಜರ ಆಳ್ವಿಕೆ ಇದ್ದ ಮೈಸೂರಿನಲ್ಲಿ! ಉಪ್ಪು ತಿಂದ ಮನೆಗೆ ಎರಡು ಬಗೆದರು ಎಂದು ಅಂದವರು ಇದ್ದೇ ಇರುತ್ತಾರೆ. ಇವತ್ತಿಗೂ ಹಾಗೆ ಅನ್ನುವವರನ್ನು ನಾನು ಕಂಡಿದ್ದೇನೆ.

ನನಗೆ ಹಾಗೆ ಕಾಣುವುದಿಲ್ಲ. ವೆಂಕಟಪ್ಪನವರು ದಿನಚರಿ ಬರೆದಿಡುತ್ತಿದ್ದ ಮನುಷ್ಯ. ಕೆಲಸ, ಸಾಧನೆ, ಖರ್ಚು ಎಲ್ಲದರಲ್ಲೂ ಶಿಸ್ತು. ತನ್ನ ದಿನ ಎಲ್ಲಿ ಹೋಯಿತು ಅಂತ ಬರೆದಿಟ್ಟುಕೊಂಡವನಿಗೆ ತನ್ನ ದಿನದ ಬೆಲೆ ಗೊತ್ತಿರುತ್ತದೆ. ಹಣದ ಆಸೆ ಅನ್ನೋಣ ಅಂದರೆ, ಅವರ ಬದುಕಿನಲ್ಲಿ ಅದರ ಗುರುತೇ ಇಲ್ಲ. ಸಂಸಾರವಿಲ್ಲ, ಆಡಂಬರವಿಲ್ಲ. ಆಸೆಗಾಗಿ ಅಲ್ಲ, ಲೆಕ್ಕಕ್ಕಾಗಿ ಹೋದರು. ಋಷಿ ಎನ್ನುವವರು ಈ ದಾವೆಯನ್ನು ಮರೆಸುತ್ತಾರೆ, ದಾವೆ ಎತ್ತಿ ಆಡುವವರು ಅವರ ಸಾಧನೆಯನ್ನು ಮರೆಸುತ್ತಾರೆ. ನನಗೆ ಎರಡೂ ಒಂದೇ ಸ್ವಭಾವದ್ದು ಅನಿಸುತ್ತದೆ. ಕಾಗದವನ್ನು ಎಷ್ಟು ಸಲ ನೀರಿನಲ್ಲಿ ಅದ್ದಬೇಕೋ ಅಷ್ಟು ಸಲ ಅದ್ದಿದ ಮನುಷ್ಯ ಲೆಕ್ಕದಲ್ಲೂ ಒಂದು ಹಂತ ಬಿಡಲಿಲ್ಲ.

ಇಲ್ಲಿ ಕೂತಿರುವ ಎಷ್ಟು ಜನಕ್ಕೆ ಈ ಅನುಭವ ಆಗಿಲ್ಲ ಹೇಳಿ? "ಒಂದು ಗೋಡೆ ಚಿತ್ರ ಬರೆದುಕೊಡಿ, ನಿಮಗೂ ಹೆಸರು ಬರುತ್ತೆ." ಬಣ್ಣದ ಅಂಗಡಿಯವನಿಗೆ ಹಣ, ಸಾರುವೆ ಕಟ್ಟಿದವನಿಗೆ ಹಣ, ಊಟ ತಂದವನಿಗೆ ಹಣ. ಬರೆದವನಿಗೆ ಒಂದು ಶಾಲು, ಒಂದು ಮೈಸೂರು ಪೇಟ, ಹಣ್ಣಿನ ಬುಟ್ಟಿ. (ಸಭೆಯಲ್ಲಿ ನಗು.) ನಗಬೇಡಿ, ಇವತ್ತಿನ ಕಾರ್ಯಕ್ರಮದ ಕೊನೆಗೂ ಒಂದು ಪೇಟ ಇದೆ ಅಂತ ನನಗೆ ಸುದ್ದಿ ಬಂದಿದೆ.

ಆಮೇಲಿನ ಬದುಕನ್ನು ಬೇಗ ಹೇಳಿಬಿಡುತ್ತೇನೆ. ಮೈಸೂರು ಬಿಟ್ಟು ಬೆಂಗಳೂರಿಗೆ ಹೋದರು. 1965ರಲ್ಲಿ ತೀರಿಕೊಂಡರು. ಜೊತೆಗಾರ ನಂದಲಾಲ್ ಮರುವರ್ಷ ಹೋದರು. 1970ರ ದಶಕದಲ್ಲಿ ಸರ್ಕಾರ ಅವರ ಹೆಸರಿನಲ್ಲಿ ಗ್ಯಾಲರಿ ತೆರೆಯಿತು. ಅವರ ಚಿತ್ರ, ಉಬ್ಬುಶಿಲ್ಪಗಳಿಗೆ ಅಲ್ಲಿ ಜಾಗ ಸಿಕ್ಕಿತು. ಜೊತೆಗೆ ಹೊಸಬರು ಕಡಿಮೆ ಬಾಡಿಗೆಗೆ ಪ್ರದರ್ಶನ ಮಾಡುವ ಸ್ಥಳವೂ ಅದಾಯಿತು. ನಮ್ಮ ರಾಜ್ಯದ ಎಷ್ಟೋ ಕಲಾವಿದರ ಮೊದಲ ಪ್ರದರ್ಶನ ನಡೆದದ್ದು ಅಲ್ಲಿ. 2016ರಲ್ಲಿ ಆ ಗ್ಯಾಲರಿಯ ನಿರ್ವಹಣೆಯನ್ನು ಖ್ಯಾತ ಖಾಸಗಿ ಸಂಸ್ಥೆಯೊಂದಕ್ಕೆ ವಹಿಸುವ ಮಾತು ಬಂದಾಗ ಕಲಾವಿದರು ಬೀದಿಗೆ ಇಳಿದರು. ಹಾಡಿದರು, ಚಿತ್ರ ಬರೆದರು, ಸರಪಳಿ ಕಟ್ಟಿ ನಿಂತರು. ಕೊನೆಗೆ ಆ ಯೋಜನೆ ಕೈಬಿಟ್ಟುಹೋಯಿತು. ಶಿಷ್ಯರನ್ನು ಬೆಳೆಸದ ಮನುಷ್ಯನಿಗೆ ಅಷ್ಟು ಜನ ಎಲ್ಲಿಂದ ಬಂದರೋ. ಅವರಲ್ಲಿ ಬಹುಪಾಲು ಜನ ಅವರನ್ನು ಕಣ್ಣಾರೆ ಕಂಡವರೂ ಅಲ್ಲ.

ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಅವರ ಕೆಲಸ ನೋಡಲು ಬೆಂಗಳೂರಿಗೆ ಹೋಗುವುದಾದರೆ ಮೊದಲು ತೆರೆದಿದೆಯಾ ಅಂತ ವಿಚಾರಿಸಿ. ಸೋಮವಾರ ಅಂತೂ ಬೇಡ, ರಜೆ. ಮೊದಲು ಊಟಿಯ ಜಲವರ್ಣಗಳ ಹತ್ತಿರ ಹೋಗಿ, ಒಂದಡಿ ದೂರದಲ್ಲಿ ನಿಂತು ನೋಡಿ. ಉಬ್ಬುಶಿಲ್ಪದ ಮುಂದೆ ಮಾತ್ರ ಒಂದೇ ಕಡೆ ನಿಲ್ಲಬೇಡಿ. ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ನಡೆಯಿರಿ, ನೆರಳು ಎಲ್ಲಿ ಬೀಳುತ್ತದೆ ನೋಡಿ. ಮೊಬೈಲಿನ ಫ್ಲ್ಯಾಶ್ ಹಾಕಿದರೆ ಆ ನೆರಳೆಲ್ಲ ಸತ್ತು ಬಿಳಿ ಹಲಗೆಯೊಂದೇ ಫೋಟೋದಲ್ಲಿ ಬರುತ್ತದೆ. ಅದಕ್ಕೆ ಸ್ಕೆಚ್ ಪುಸ್ತಕ ತಗೊಂಡು ಹೋಗಿ. ಶಿವನ ಒಂದು ಕೈಯನ್ನಾದರೂ ಗೆರೆಯಲ್ಲಿ ಹಿಡಿಯಲು ನೋಡಿ, ಎಷ್ಟು ಹೊತ್ತು ಹಿಡಿಯಿತು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಕಾಫಿ ಬರೋದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆಯಂತೆ.